ಬಾತುಗಳಿಗೆ ಮದುವೆ ಚಪ್ಪರದ ನೆರಳು

ನನ್ನ ಅಪ್ಪನಿಗೆ ಕೋಪ ಬಂದರೆ ಮೊದಲು ಏಟು, ಆಮೇಲೆ ಮಾತು. ಹೆಬ್ಬಾಳದ ಕೆರೆಯ ಹಿಂದಿದ್ದ ನಮ್ಮ ಊರಿನಲ್ಲಿ ಅದಕ್ಕೆ ಗಂಡಸ್ತನ ಎಂದು ಹೆಸರು. ಐವತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ಏಟು ಹೆಚ್ಚಾಗಿ ತಿಂದವಳು ಅವನ ತಂಗಿ, ನನ್ನ ಅತ್ತೆ. ಗಂಡ ಸತ್ತ ಮೇಲೆ ಒಂದು ಟ್ರಂಕು ಮತ್ತು ಮಂಕರಿಯ ತುಂಬ ಬಾತುಕೋಳಿ ಹೊತ್ತುಕೊಂಡು ತವರಿಗೆ ಬಂದಿದ್ದಳು. ಮೊಟ್ಟೆ ಮಾರಿ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು. ಆ ಬಾತುಗಳು ಹೋದರೆ ಅವಳು ಅಣ್ಣನ ಮನೆಯ ಸಂಬಳವಿಲ್ಲದ ಆಳು, ಅಷ್ಟೇ.

ಹಿತ್ತಲಿನ ಹೊಂಗೆ ಮರದ ಬುಡವೇ ಬಾತುಗಳ ಬಿಸಿಲುಗಾಲದ ಮನೆ. ಅಕ್ಕನ ಮದುವೆಯ ಅಡುಗೆಗೆ ಸೌದೆ ಬೇಕೆಂದು ಅಪ್ಪ ಅದನ್ನು ಕಡಿಸಿದ. ಬೇಡವೆಂದ ಅತ್ತೆಯ ಕೆನ್ನೆಗೆ ಬಾರಿಸಿದ. ಕೆರೆಯೂ ಬತ್ತಿ, ಕೆಸರಿನಂಚಿನಲ್ಲಿ ಬೀದಿನಾಯಿಗಳು ಕಾದು ಕೂತಿದ್ದವು. ಬಾತು ಬೆವರುವುದಿಲ್ಲ. ಸೆಕೆ ಮಿತಿಮೀರಿದರೆ ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ರೆಕ್ಕೆ ಇಳಿಬಿಡುತ್ತದೆ, ಆಮೇಲೆ ಸುಮ್ಮನೆ ವಾಲಿಬಿಡುತ್ತದೆ.

ಅಕ್ಕನನ್ನು ಗಂಡನ ಮನೆಗೆ ಕಳಿಸಿದ ಮರುದಿನ ಅತ್ತೆ ಬಾಗಿಲ ಮುಂದಿನ ಚಪ್ಪರದಿಂದ ತೆಂಗಿನ ಗರಿ ಎಳೆದು ತಂದಳು. ಅವಳ ಗಂಡನ ಊರಲ್ಲಿ ಹೆಣ್ಣು ಊರ ಗಡಿ ದಾಟಿದರೆ ಚಪ್ಪರದ ಕೆಲಸ ಮುಗಿಯಿತು. ಎಳವೆಯಲ್ಲೇ ಮದುವೆಯಾಗಿ ಹೋದವಳಿಗೆ ಗೊತ್ತಿದ್ದುದು ಅದೇ ಪದ್ಧತಿ. ನಮ್ಮಲ್ಲಿ ಹಾಗಲ್ಲ. ಹೆಣ್ಣುಗಂಡು ತವರಿಗೆ ಬಂದು ಉಂಡು ಹೋಗುವ ತನಕ ಚಪ್ಪರದ ಒಂದೆಲೆಯನ್ನೂ ಕೀಳುವಂತಿಲ್ಲ, ವಿಧವೆಯಂತೂ ಮುಟ್ಟಲೇಬಾರದು. ಅವಳು ಗೂಟ ನೆಟ್ಟು, ಪಡುವಣ ಬಿಸಿಲು ಬೀಳುವ ಕಡೆ ಗರಿಯನ್ನು ಇಳಿಜಾರಾಗಿ ಕಟ್ಟಿ, ಗಾಳಿಯಾಡಲು ಪಕ್ಕಗಳನ್ನು ಬಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿದಳು. ಬಾತುಗಳು ಒಳಗೆ ನುಗ್ಗಿ ಕೂತವು.

ಮಧ್ಯಾಹ್ನ ಯಲಹಂಕದಿಂದ ಬಂದ ಅಪ್ಪ ಬೋಳು ಚಪ್ಪರ ನೋಡಿ ಹಿತ್ತಲಿಗೆ ನುಗ್ಗಿದ. ಗೂಟಗಳನ್ನು ಒದ್ದು ಮುರಿದ. ಗರಿಯ ಮಟ್ಟೆಯಿಂದಲೇ ಅತ್ತೆಯ ಬೆನ್ನಿಗೆ ಬಾಸುಂಡೆ ಬರುವಂತೆ ಬಡಿದ. ಬುಸುಗುಡುತ್ತ ಅಡ್ಡ ಬಂದ ಗಂಡು ಬಾತಿನ ಕತ್ತನ್ನು ತುಳಿದ. ಅದು ಮಣ್ಣಿನಲ್ಲಿ ಸ್ವಲ್ಪ ಹೊತ್ತು ರೆಕ್ಕೆ ಬಡಿದು ಸತ್ತಿತು.

"ನನ್ ಮಗಳ ತಾಳಿಗೇ ಕೈ ಇಕ್ದಲ್ಲೇ, ಮುಂಡೆ," ಎಂದ.

ಆಮೇಲೆ ಗರಿಗಳನ್ನೆಲ್ಲ ಹೊತ್ತೊಯ್ದು ಚಪ್ಪರಕ್ಕೆ ಮತ್ತೆ ಹೊದಿಸಿ, ಅದರ ನೆರಳಲ್ಲಿ ಕಾಲು ಚಾಚಿ ಕೂತು ಬೀಡಿ ಹಚ್ಚಿದ. ಹಿತ್ತಲಿಗೆ ಯಾರೂ ನೀರು ಒಯ್ಯಕೂಡದೆಂದ. ಅವ್ವ ತಲೆ ತಗ್ಗಿಸಿ ಒಳಗೆ ಹೋದಳು. ಅವಳ ಮೇಲೂ ನನಗೆ ಮೈಯೆಲ್ಲ ಉರಿಯಿತು. ಹಿತ್ತಲಲ್ಲಿ ಬಿಸಿಲಿಗೆ ಇನ್ನೂ ಎರಡು ಬಾತು ಕಾಲು ನೀಡಿ ಸತ್ತವು.

ಅತ್ತೆ ಅಳಲಿಲ್ಲ. ಉಳಿದವನ್ನು ಕೋಲಿನಿಂದ ಅಟ್ಟಿಕೊಂಡು, ಹಿಂಬಾಗಿಲಿನಿಂದ ತಣ್ಣನೆ ಕಲ್ಲುಚಪ್ಪಡಿಯ ನಡುಮನೆಗೆ ತಂದು ಬಿಟ್ಟಳು. ಅವುಗಳ ಗದ್ದಲ ಕೇಳಿ ಅಪ್ಪ ಎದ್ದು ಬರುವಷ್ಟರಲ್ಲಿ ಮುಂಬಾಗಿಲ ಹೊಸ್ತಿಲಿನ ಒಳಗೆ ಮಚ್ಚು ಹಿಡಿದು ಕೂತಿದ್ದಳು.

"ಅಣ್ಣ, ನಿನ್ ಚಪ್ರ ನೀನೇ ಇಟ್ಕೊ. ನನ್ ಬಾತ್ಗೆ ನೆಳ್ಳು ಇಲ್ಲೈತೆ. ಒಳೀಕ್ ಕಾಲಿಕ್ಕಿದ್ರೆ ಕಡೀತೀನಿ."

ಅಪ್ಪ ನಕ್ಕ. ನಗುತ್ತಲೇ ಕಾಲಿಟ್ಟ. ಮಚ್ಚು ಅವನ ಮೊಣಕಾಲಿನ ಕೆಳಗೆ ಕಚ್ಚಿತು. ಬಿಳಿ ಪಂಚೆ ನೋಡನೋಡುತ್ತ ಕೆಂಪಾಯಿತು. ಅವನು ಬಾಗಿಲ ಚೌಕಟ್ಟು ಹಿಡಿದು ಜಾರಿ ಕುಸಿದು, ನೀರು, ನೀರು ಎಂದು ಕೂಗಿದ. ನನಗೆ ಭಯವಾಗಲಿಲ್ಲ, ಸಂತೋಷವಾಯಿತು.

ಅಡುಗೆಮನೆಯಿಂದ ಅವ್ವ ನೀರು ತುಂಬಿದ ತಾಮ್ರದ ಬೋಗುಣಿ ಹಿಡಿದು ಬಂದಳು. ಅಪ್ಪ ಕಾಲು ಮುಂದೆ ಚಾಚಿದ. ಅವಳು ಅವನ ಕಡೆ ನೋಡದೆ ಬೋಗುಣಿಯನ್ನು ಬಾತುಗಳ ಮುಂದಿಟ್ಟು, ಅವು ಕೊಕ್ಕು ಅದ್ದಿ ಕುಡಿಯುವವರೆಗೂ ಅಲ್ಲೇ ನಿಂತಳು. ಕಾಲಿಗೆ ಬಟ್ಟೆ ಸುತ್ತಿದ್ದು ಆಮೇಲೆ.