ಟ್ರ್ಯಾಂಟರ್ ಕಂಡ ಮೊದಲ ಹಾಡು

ಇಂಗ್ಲೆಂಡಿನ ನಮ್ಮ ಡಡ್ಲಿ ಊರಿನ ಮಾರ್ಕೆಟ್ಟಿನಲ್ಲಿ ನನ್ನ ಚೀಸ್ ಅಂಗಡಿಯ ಪಕ್ಕ ಹಳೇ ರೆಕಾರ್ಡು ಮಾರುವ ಕ್ಲೆಮ್ ಟ್ರ್ಯಾಂಟರ್‌ಗೆ ಗಿರಾಕಿಗಳನ್ನು ಕಂಡರೇ ಆಗುವುದಿಲ್ಲ. ನಮ್ಮೂರ ಹುಡುಗರು ಕಟ್ಟಿದ ಕೋಲ್ ಬಿಷಪ್ಸ್ ಬ್ಯಾಂಡಿನ ಹನ್ನೊಂದು ಆಲ್ಬಮ್ಮುಗಳಲ್ಲಿ ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ಮುಗಿಯಿತು. ಆಯ್ದ ಹಾಡುಗಳ ಆಲ್ಬಂ ಮುಟ್ಟಿದವರಿಗಂತೂ, "ಅದು ಕಾರು ತೊಳೀತಾ ಕೇಳೋರಿಗೆ. ಇಡ್ರೀ ಕೆಳಗೆ!" ಎಂದು ಗದರುತ್ತಾನೆ.

ನಲವತ್ತು ವರ್ಷದಿಂದ ಅವನದು ಒಂದೇ ಪಾಠ: ಮೊದಲ ಆಲ್ಬಂ, ರೆಕಾರ್ಡಿನ ಎರಡು ಕಡೆಗಳಲ್ಲಿ ಮೊದಲ ಕಡೆ, ಆರ್ಗನ್ನಿನ ಆ ನಿಧಾನದ ಹಾಡು. "ಹಾಗೆ ಶುರು ಮಾಡೋಕೆ ಎದೆಗಾರಿಕೆ ಬೇಕು" ಎಂದು, ಹಾಡು ತಾನೇ ಕಟ್ಟಿದವನಂತೆ ಬೀಗುತ್ತಾನೆ.

ಮೊನ್ನೆ ಬಸ್ ಓಡಿಸುವ ಷೀನಾ ಆ ಪಾಠವನ್ನೆಲ್ಲ ಕೇಳಿಸಿಕೊಂಡು, ಆಲ್ಬಮ್ಮಿನ ಹೊದಿಕೆ ತಿರುಗಿಸಿ ಓದಿದಳು.

"ಅಲ್ಲಣ್ಣಾ, ಇಲ್ಲಿ ಆ ಹಾಡು ಎರಡನೇ ಕಡೆ ಅಂತಿದೆಯಲ್ಲ?"

"ಅದನ್ನ ಅಚ್ಚು ಹಾಕ್ದೋನು ಕುಡಿದಿದ್ದ ಕಣಮ್ಮ. ನನ್ನ ರೆಕಾರ್ಡ್ ನೋಡು." ಲೇಬಲ್ಲಿನಲ್ಲಿ ಮೊದಲ ಕಡೆ ಎಂದಿದ್ದ ತನ್ನ ಸ್ವಂತ ಪ್ರತಿ ಹಾಕಿದ; ಆರ್ಗನ್ನಿನ ಹಾಡೇ ಬಂತು.

ಅವಳು ಬಿಡಲಿಲ್ಲ. ಅವನ ಅಂಗಡಿಯಲ್ಲೇ ಇದ್ದ ಅದೇ ಆಲ್ಬಮ್ಮಿನ ಇನ್ನೂ ಮೂರು ಪ್ರತಿಗಳನ್ನು ಹಾಕಿಸಿದಳು. ಮೂರರಲ್ಲೂ ಮೊದಲ ಕಡೆ ಡ್ರಮ್ಮಿನ ಅಬ್ಬರದಿಂದಲೇ ಶುರುವಾಯಿತು.

"ಕಾರ್ಖಾನೆಯೋರು ನಿಮ್ಮದಕ್ಕೆ ಮಾತ್ರ ಎರಡೂ ಕಡೆಯ ಲೇಬಲ್ಲು ಅದಲುಬದಲು ಅಂಟಿಸಿದ್ದಾರೆ," ಎಂದಳು.

ಟ್ರ್ಯಾಂಟರ್ ತನ್ನ ರೆಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಈಗಲಾದರೂ ನಾಚಿಕೊಂಡಾನು ಎಂದು ಚೀಸ್ ಕತ್ತರಿಸುವುದನ್ನು ಬಿಟ್ಟು ನೋಡುತ್ತಿದ್ದ ನಾನೇ ಪೆದ್ದ.

"ಹಾಗಾದ್ರೆ," ಎಂದು ಅವನು ಮೂಗು ಮುರಿದ, "ಎಲ್ಲಿಂದ ಶುರು ಮಾಡ್ಬೇಕು ಅಂತ ಆ ಬ್ಯಾಂಡಿನೋರಿಗೇ ಗೊತ್ತಿರಲಿಲ್ಲ, ಬಿಡು."