ಏಳನೇ ನಂಬರಿನ ಕೋಲು

ಶಿಕಾರಿಪುರದಲ್ಲಿ ಗಾಲ್ಫ್ ಆಡಿದ್ದೇವೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಎಪ್ಪತ್ತರ ದಶಕದ ನಡುವೆ ಒಂದು ಬೇಸಿಗೆ, ಊರ ಹೊರಗಿನ ಸಣ್ಣ ಕೆರೆಯೊಂದು ಮುಕ್ಕಾಲು ಬತ್ತಿದಾಗ, ಅದರ ಅಂಗಳದಲ್ಲಿ ನಾನು ಆ ಆಟದ ಬಿಳಿ ಚೆಂಡನ್ನು ಹೊಡೆದಿದ್ದೇನೆ. ನೂಲಿನ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ. ಚೆನ್ನಾಗಿಯೇ ಹೊಡೆದಿದ್ದೇನೆ. ಈ ಮಾತನ್ನು ನನ್ನ ಬಾಯಿಂದ ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಹೇಳಬೇಕಾಗಿದ್ದವರು ಹೇಳಲಿಲ್ಲ.

ನಮ್ಮ ಯಜಮಾನರು ಕೆರೆ ಕಾಲುವೆಗಳ ಕೆಲಸ ನೋಡಿಕೊಳ್ಳುವ ಎಂಜಿನಿಯರು. ಮೈಸೂರು ಕಡೆಯವರು. ನಾನು ಶಿರಾಳಕೊಪ್ಪದ ಒಬ್ಬ ಕಾಳುಕಡಿ ವ್ಯಾಪಾರಿಯ ಮಗಳು. ಮದುವೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವರಿಗೆ ಶಿಕಾರಿಪುರ ಕಂಡರೆ ಆಗುತ್ತಿರಲಿಲ್ಲ. ಧೂಳು, ಸೆಕೆ, ಕಾಫಿ ಸರಿಯಿಲ್ಲ, ಜನರ ಮಾತು ಒರಟು ಎಂದು ದಿನಕ್ಕೊಂದು ದೂರು. ಆ ಒರಟು ಮಾತಿನವಳನ್ನೇ ಕಟ್ಟಿಕೊಂಡಿದ್ದೇನೆ ಎಂಬುದು ಅವರಿಗೆ ಮರೆತುಹೋಗಿರುತ್ತಿತ್ತು. ಹೇಗಾದರೂ ಬೆಂಗಳೂರಿಗೆ ವರ್ಗ ಮಾಡಿಸಿಕೊಳ್ಳಬೇಕು, ಅದೊಂದೇ ಜಪ.

ಅವರ ಮೇಲೆ ಒಬ್ಬ ದೊಡ್ಡ ಸಾಹೇಬರಿದ್ದರು. ಕೆರೆ ನೋಡಲು ಟೂರ್ ಬಂದಾಗ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಬೆಂಗಳೂರಿನ ಕ್ಲಬ್ಬಿನಲ್ಲಿ ಗಾಲ್ಫ್ ಕಲಿತವರು. ಸಂಜೆಯಾದರೆ ಅವರಿಗೆ ಕೈ ತುರಿಸುತ್ತಿತ್ತು, ಜೊತೆಗೆ ಆಡುವವರು ಈ ಕಡೆ ಯಾರೂ ಇಲ್ಲ. ಒಂದು ಸಲ ಬಂದವರು ತಮ್ಮ ಹಳೆಯ ಮೂರು ಕಬ್ಬಿಣದ ಕೋಲುಗಳನ್ನೂ ಒಂದು ಚೀಲ ಹಳೆಯ ಚೆಂಡುಗಳನ್ನೂ ನಮ್ಮವರ ಕೈಗಿಟ್ಟು, "ಚೆನ್ನಾಗಿ ಕಲ್ತ್ಕೊಳ್ರಿ. ಮುಂದಿನ ಸಲ ಬಂದಾಗ ನನಗೊಬ್ಬ ಸರಿಜೋಡಿ ಬೇಕು" ಎಂದರು. ಮೂರರಲ್ಲಿ ಒಂದರ ಅಡಿಯಲ್ಲಿ ಐದು ಎಂದು ಕೊರೆದಿತ್ತು, ಒಂದರಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು. ನಂಬರು ಹೆಚ್ಚಿದಷ್ಟೂ ಕೋಲು ಗಿಡ್ಡ, ಮುಖ ಓರೆ, ಚೆಂಡು ಎತ್ತರಕ್ಕೆ ಹೋಗಿ ಹತ್ತಿರ ಬೀಳಬೇಕು. ನಮ್ಮವರು ಮನೆಗೆ ಬಂದು ಚೀಲವನ್ನು ದೇವರ ಗೂಡಿನ ಪಕ್ಕದಲ್ಲಿಟ್ಟರು. ಅವರ ಕಣ್ಣಿಗೆ ಅದರೊಳಗೆ ಬೆಂಗಳೂರೇ ಕಂಡಿತ್ತು.

ಮಾರನೆಯ ಬೆಳಗ್ಗೆಯಿಂದಲೇ ಶುರು. ಬೆಳಕು ಹರಿಯುವ ಹೊತ್ತಿಗೆ ಕೆರೆಯಂಗಳಕ್ಕೆ ಹೋಗುವುದು, ಅವರು ಹೊಡೆಯುವುದು, ನಾನು ಚೆಂಡು ಹೆಕ್ಕಿ ತಂದು ಇಡುವುದು. ಕೆರೆಗೋಡು ಎಂದರೆ ಕೆರೆತಳದ ಹೂಳುಮಣ್ಣು, ಒಣಗಿದರೆ ಮೇಲೆ ಪುಡಿ, ಒಳಗೆ ಕಲ್ಲಿನಷ್ಟು ಗಟ್ಟಿ. ಅವರು ಬೀಸಿದರೆ ಕೋಲು ಚೆಂಡಿಗೆ ತಾಗುವ ಮೊದಲೇ ನೆಲಕ್ಕೆ ಬಡಿದು ಪುಟಿಯುತ್ತಿತ್ತು. ಮುಂಗೈ ಜುಮ್ಮೆಂದು "ಅಯ್ಯೋ" ಎಂದು ಕೋಲು ಬಿಸಾಡುತ್ತಿದ್ದರು. ಇಲ್ಲವಾದರೆ ಚೆಂಡಿನ ನೆತ್ತಿಗೆ ತಾಗಿ ಅದು ಹೆದರಿದ ಇಲಿಯ ಹಾಗೆ ನೆಲದ ಮೇಲೇ ಓಡುತ್ತಿತ್ತು. ತಪ್ಪೆಲ್ಲ ನನ್ನದು. ನಾನು ಚೆಂಡನ್ನು ಸೊಟ್ಟ ಇಟ್ಟೆ, ನನ್ನ ಬಳೆ ಸದ್ದು ಮಾಡಿತು, ನಾನು ಎದುರಿಗೆ ನಿಂತೆ. ಒಂದು ವಾರ ಬಾಯಿ ಮುಚ್ಚಿಕೊಂಡು ನೋಡಿದೆ. ನಾನು ಬಾಯಿ ಮುಚ್ಚಿಕೊಂಡಿರುವುದಕ್ಕೆ ಒಂದು ವಾರವೇ ಹೆಚ್ಚು.

"ರೀ, ನೀವು ಚೆಂಡನ್ನ ಎತ್ತಾಕೆ ಹೋಗ್ತೀರಿ. ಎತ್ತಬ್ಯಾಡ್ರಿ. ನೀವು ಕೆಳಗೆ ಹೊಡೀರಿ, ಅದು ತಾನೇ ಏಳ್ತೈತೆ" ಎಂದೆ.

"ಕೆಳಗೆ ಹೊಡೆದ್ರೆ ಮೇಲೆ ಏಳತ್ತಾ? ನಿಮ್ಮಪ್ಪನ ಅಂಗಡೀಲಿ ಹಾಗೆ ಹೇಳ್ಕೊಟ್ಟಿದಾರಾ?"

"ಚಿನ್ನಿದಾಂಡಿನಾಗೆ ಹಂಗೇ ಅಲ್ಲೇನ್ರೀ? ಚಿನ್ನಿ ತುದಿಗೆ ಮೇಲಿಂದ ಹೊಡೆದ್ರೇ ಅದು ಹಾರೋದು. ನೀವು ಹೊಡೀವಾಗ ಹಿಂದಕ್ಕೆ ವಾಲ್ತೀರಿ. ಭಾರ ಎಲ್ಲಾ ಬಲಗಾಲ ಮ್ಯಾಲೆ ಇರ್ತೈತೆ. ಅದಕ್ಕೇ ಕೋಲು ಮೊದ್ಲು ನೆಲಕ್ಕೆ ತಾಗ್ತೈತೆ."

ಚಿನ್ನಿದಾಂಡು ನಾನು ಅಣ್ಣಂದಿರ ಜೊತೆ ಸಂತೆ ಮೈದಾನದಲ್ಲಿ ಆಡಿದವಳು. ಮೈನೆರೆದ ದಿನ ದಾಂಡು ಕಿತ್ತುಕೊಂಡು ಒಲೆಗೆ ಹಾಕಿದ್ದರು. ಆ ಸಿಟ್ಟು ನನ್ನಲ್ಲಿ ಆಗಲೂ ಇತ್ತು, ಈಗಲೂ ಇದೆ.

ನಮ್ಮವರು ಕೆಂಪಾದರು. "ಎಲ್ಲಾ ತಿಳಿದೋಳ ಹಾಗೆ ಮಾತಾಡ್ಬೇಡ. ತಗೋ, ನೀನೇ ಹೊಡಿ ನೋಡೋಣ" ಎಂದು ಕೋಲು ಚಾಚಿದರು. ಏಳನೇ ನಂಬರಿನದು. ನಾನು ಬೇಡ ಎನ್ನುತ್ತೇನೆ ಎಂದುಕೊಂಡಿದ್ದರು. ಸೆರಗು ಸಿಕ್ಕಿಸಿ ತೆಗೆದುಕೊಂಡೆ.

ಮೊದಲನೆಯದು ನೆಲಕ್ಕೆ ಬಿತ್ತು. ಅವರು ನಕ್ಕರು. ಎರಡನೆಯದಕ್ಕೆ ಎಡಗಾಲಿನ ಮೇಲೆ ಭಾರ ಬಿಟ್ಟು, ಹಿಡಿತ ಸಡಿಲ ಮಾಡಿ, ಚೆಂಡು ಎಲ್ಲಿ ಹೋಗುತ್ತದೆಂದು ನೋಡುವ ಆಸೆಯನ್ನು ಅದುಮಿಕೊಂಡು ಬೀಸಿದೆ. ಕೈಗೆ ಏನೂ ತಾಗಿದಂತೆ ಆಗಲಿಲ್ಲ. ಟಕ್ ಎಂದು ಒಂದು ಸದ್ದು ಮಾತ್ರ ಕೇಳಿಸಿತು. ತಲೆ ಎತ್ತಿದಾಗ ಚೆಂಡು ಏರಿಯ ಹುಣಸೇಮರದ ನೆತ್ತಿಗಿಂತ ಮೇಲಿತ್ತು. ಅದು ಏರುತ್ತಲೇ ಇತ್ತು. ನನ್ನ ಮೈಯಿಂದ ಅಂಥದ್ದೊಂದು ಹೊರಟುಹೋಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಅಳು ಬರುವ ಹಾಗಾಯಿತು. ಅತ್ತರೆ ಅವರು ಅದಕ್ಕೆ ಬೇರೆ ಅರ್ಥ ಕಟ್ಟುತ್ತಾರೆಂದು ತಡೆದುಕೊಂಡೆ.

ಅವರು ತಾವೇ ಬಗ್ಗಿ ಇನ್ನೊಂದು ಚೆಂಡು ಇಟ್ಟರು. ಆಮೇಲೆ, "ಇನ್ನೊಂದ್ಸಲ ಹೊಡಿ" ಎಂದರು.

ಹೀಗೆ ನಾನು ಕಲಿಸುವವಳಾದೆ. ಯಾರಿಗೂ ಗೊತ್ತಾಗಬಾರದು ಎಂಬ ಕರಾರಿನ ಮೇಲೆ. ಮನೆಯಿಂದ ರಂಗೋಲಿ ಪುಡಿ ಒಯ್ದು ನೆಲದ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ. ಗೆರೆಯ ಮೇಲೆ ಚೆಂಡು. ಹೊಡೆದ ಮೇಲೆ ಕೋಲು ನೆಲ ಕೆತ್ತಿದ ಗಾಯ ಗೆರೆಯಿಂದ ಮುಂದಕ್ಕೆ ಇರಬೇಕು. ಗೆರೆಯ ಹಿಂದೆ ಇದ್ದರೆ ಭಾರ ಇನ್ನೂ ಬಲಗಾಲಿನಲ್ಲೇ ಇದೆ ಎಂದರ್ಥ. ಚೆಂಡಿಲ್ಲದೆ ಬರೀ ಗೆರೆಯನ್ನು ಕೆತ್ತಿಸಿದೆ. ಬಲಗಾಲಿನ ಹಿಮ್ಮಡಿ ಎತ್ತಿಸಿ ಹೊಡೆಸಿದೆ. ಕೋಲಿನ ತಲೆಗಿಂತ ಕೈ ಮುಂದೆ ಬರಲಿ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಅವರು ಗೊಣಗುತ್ತಲೇ ಮಾಡಿದರು. ಆ ಬೇಸಿಗೆ ಅವರು ನನ್ನ ಮಾತು ಕೇಳಿದರು. ಮದುವೆಯಾದ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು. ಕೊನೆಯೂ ಅದೇ ಎಂದು ಆಗ ಯಾರಿಗೆ ಗೊತ್ತಿತ್ತು?

ಅವರ ಸರದಿ ಮುಗಿದ ಮೇಲೆ ನನಗೆ ಕೆಲವು ಚೆಂಡು ಹೊಡೆಯಲು ಬಿಡುತ್ತಿದ್ದರು. ಒಂದು ದಿನ ಖುಷಿಯಲ್ಲಿದ್ದಾಗ ಹೇಳಿದರು: "ಬೆಂಗಳೂರಿನ ಕ್ಲಬ್ಬಲ್ಲಿ ಹುಲ್ಲು ಜಮಖಾನ ಹಾಸಿದ ಹಾಗಿರತ್ತಂತೆ ಕಣೇ. ವರ್ಗ ಆಗ್ಲಿ, ನಿನ್ನನ್ನ ಕರ್ಕೊಂಡು ಹೋಗ್ತೀನಿ. ಆ ಹುಲ್ಲಿನ ಮೇಲೆ ಹೊಡೀವಿಯಂತೆ."

ಅವರು ಮರೆತಿರಬಹುದು. ನಾನು ಮರೆಯಲಿಲ್ಲ. ಬೆಂಗಳೂರು ನನಗೆ ಬೇಕಾಗಿರಲಿಲ್ಲ. ಆ ಹುಲ್ಲು ಬೇಕಾಗಿತ್ತು. ಗಟ್ಟಿ ಗೋಡಿನ ಮೇಲೇ ಇಷ್ಟು ಚೆನ್ನಾಗಿ ಹಾರುವ ಚೆಂಡು ಮೆತ್ತನೆಯ ಹುಲ್ಲಿನ ಮೇಲಿಂದ ಹೇಗೆ ಹಾರೀತು ಎಂದು ರೊಟ್ಟಿ ತಟ್ಟುವಾಗಲೂ ಅದೇ ಯೋಚನೆ. ಕೋಲುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ದೇವರ ದೀಪದ ಹಾಗೆ ಬೆಳಗಿಟ್ಟಿದ್ದೆ.

ನೋಡಿದವರು ಯಾರೂ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ಪಕ್ಕದ ಮನೆಯವರು ತಗಡಿನ ಟ್ರಂಕು ಮಾಡಿ ಮಾರುವ ಸಾಬರು. ಅವರ ಹೆಂಡತಿ ಕೆರೆಯ ಮೂಲೆಯಲ್ಲಿ ಉಳಿದಿದ್ದ ನೀರಿಗೆ ಬಟ್ಟೆ ಒಗೆಯಲು ಬರುತ್ತಿದ್ದಳು. ಒಂದು ದಿನ ಹಿತ್ತಲ ಬೇಲಿಯ ಹತ್ತಿರ ನಿಂತು, "ಅಕ್ಕಾ, ನಿಮ್ದು ಸೀದಾ ಹೋಗ್ತದೆ. ನಿಮ್ಮನೆ ಸಾಹೇಬ್ರದ್ದು ಯಾಕೆ ಸೊಟ್ಟ ಹೋಗ್ತದೆ?" ಎಂದು ಪಿಸುಗುಟ್ಟಿ ಬಾಯಿಗೆ ಸೆರಗು ಒತ್ತಿ ನಕ್ಕಳು. ನನ್ನ ಆಟಕ್ಕೆ ಸಿಕ್ಕ ಹೊಗಳಿಕೆ ಜೀವಮಾನದಲ್ಲಿ ಅದೊಂದೇ.

ಸಾಹೇಬರು ಬರುವ ಹಿಂದಿನ ದಿನ ನಮ್ಮವರಿಗೆ ಅನ್ನ ಸೇರಲಿಲ್ಲ. "ಅಕಸ್ಮಾತ್ ನಾನೇ ಗೆದ್ದುಬಿಟ್ರೆ?" ಎಂದರು.

"ಗೆದ್ರೆ ಗೆಲ್ರಿ. ಸರಿಜೋಡಿ ಬೇಕು ಅಂತ ಸಾಹೇಬ್ರೇ ಅಂದಾರಲ್ಲ" ಎಂದೆ. ಈ ಮಾತಿಗಾಗಿ ನಾನು ಅನುಭವಿಸಿದ್ದು ಸಾಕಷ್ಟಿದೆ. ಆದರೂ ಅದು ತಪ್ಪು ಮಾತು ಎಂದು ಇಂದಿಗೂ ನಾನು ಒಪ್ಪುವುದಿಲ್ಲ.

ಮಾರನೆಯ ಸಂಜೆ ಕೆರೆಯಂಗಳದ ಆ ತುದಿಯಲ್ಲಿ ಸರ್ವೆಗೆ ನೆಡುವ ಕೆಂಪು ಬಿಳಿ ಪಟ್ಟೆಯ ಕಂಬವೊಂದನ್ನು ನೆಟ್ಟರು. ಈ ತುದಿಯಿಂದ ಹೊಡೆಯುತ್ತಾ ಹೋಗಿ ಕಡಿಮೆ ಹೊಡೆತದಲ್ಲಿ ಕಂಬ ಮುಟ್ಟಿಸಿದವರು ಗೆದ್ದಂತೆ. ನಾನು ಚಹದ ಫ್ಲಾಸ್ಕು ಹಿಡಿದು ಏರಿಯ ಮೇಲೆ ನಿಂತಿದ್ದೆ. ಸಾಹೇಬರದು ಹೊಸ ಕೋಲು, ಹೊಸ ಚೆಂಡು, ಬಿಳಿ ಬೂಟು. ಬೀಸಿದ ರೀತಿ ನೋಡಿದೊಡನೆ ನನಗೆ ಗೊತ್ತಾಯಿತು: ಭಾರ ಬಲಗಾಲಿನಲ್ಲಿ. ಕ್ಲಬ್ಬಿನ ಮೆತ್ತನೆ ನೆಲದಲ್ಲಿ ಅದು ನಡೆದುಹೋಗುತ್ತಿತ್ತೇನೋ. ನಮ್ಮ ಕೆರೆಗೋಡು ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ. ಕೋಲು ಪುಟಿದು ಸಾಹೇಬರ ಮುಂಗೈ ಜುಮ್ಮೆಂದದ್ದು ಏರಿಯ ಮೇಲೆ ನಿಂತವಳಿಗೂ ಕಾಣಿಸಿತು.

ನಮ್ಮವರು ಏಳನೇ ನಂಬರು ತೆಗೆದರು. ಒಮ್ಮೆ ನನ್ನ ಕಡೆ ನೋಡಿದರು. ಎಡಗಾಲು, ಎಂದು ಮನಸ್ಸಿನಲ್ಲೇ ಹೇಳಿದೆ. ಟಕ್ ಎಂಬ ಸದ್ದು ಏರಿಯವರೆಗೆ ಕೇಳಿಸಿತು. ಚೆಂಡು ಸೀದಾ ಹೋಗಿ ಕಂಬದ ಬುಡದ ಹತ್ತಿರ ಬಿತ್ತು. ಮೂರು ಸಲ ಆಡಿದರು, ಮೂರು ಸಲವೂ ಸಾಹೇಬರು ಸೋತರು. ಕೈ ಕುಲುಕಿ, "ಭೇಷ್! ಯಾರ್ರೀ ಕಲಿಸಿದ್ದು ನಿಮಗೆ?" ಎಂದು ಕೇಳಿದರು.

"ಯಾರೂ ಇಲ್ಲ ಸಾರ್. ಹಾಗೇ ಕೈಗೆ ಬಂತು."

ನಾನು ಇಬ್ಬರಿಗೂ ಚಹ ಬಗ್ಗಿಸಿ ಕೊಟ್ಟೆ.

ವರ್ಗದ ಆರ್ಡರು ಮುಂಗಾರಿಗೆ ಮುಂಚೆಯೇ ಬಂತು. ಬೆಂಗಳೂರಿಗಲ್ಲ, ಸೊರಬಕ್ಕೆ. ಕ್ಯಾಸನೂರು ಕಡೆಯ ಕೆರೆಗಳೂ ಸೇರಿದಂತೆ. ಕಾಡಂಚಿನ ಊರು, ಮಂಗನ ಕಾಯಿಲೆಯ ಹೆದರಿಕೆಗೆ ಆಗ ಆ ಕಡೆ ಹೋಗಲು ನೌಕರರು ಹಿಂದೆಮುಂದೆ ನೋಡುತ್ತಿದ್ದರು. ನಮ್ಮವರು ಆರ್ಡರನ್ನು ಊಟದ ತಟ್ಟೆಯ ಪಕ್ಕಕ್ಕೆ ಎಸೆದು ಕೂಗಾಡಿದರು. ಸಾಹೇಬರ ಜೊತೆ ಆಡುವುದೆಂದರೆ ಸೋಲುವುದು ಎಂದು ಇಡೀ ಆಫೀಸಿಗೆ ಗೊತ್ತಿತ್ತಂತೆ. ಸಾಹೇಬರು ಹಿಂದೆ ಇದ್ದ ಕಡೆಗಳ ಎಂಜಿನಿಯರುಗಳೆಲ್ಲ ಅಚ್ಚುಕಟ್ಟಾಗಿ ಸೋತು ಬಡ್ತಿ ಗಿಟ್ಟಿಸಿದ್ದರಂತೆ. "ನಿನ್ನಿಂದ! ಎಲ್ಲಾ ನಿನ್ನಿಂದ! ಕೆಳಗೆ ಹೊಡಿ, ಎಡಗಾಲು, ಗೆಲ್ಲು! ಈಗ ನೋಡು!" ಎಂದರು. ಗೆದ್ದಾಗ ಹಾಗೇ ಕೈಗೆ ಬಂದಿದ್ದ ಆಟ, ಸೊರಬಕ್ಕೆ ಎತ್ತಿಹಾಕಿದೊಡನೆ ನಾನು ಕಲಿಸಿದ ಆಟವಾಗಿಬಿಟ್ಟಿತು. ಗೆಲುವು ಅವರದು, ವರ್ಗ ನನ್ನದು.

ಸಾಮಾನು ಕಟ್ಟುತ್ತಿದ್ದ ದಿನ ಸಾಹೇಬರ ಜೀಪಿನ ಡ್ರೈವರ್ ಬಂದು, "ಅಮ್ಮಾರೇ, ಸಾಹೇಬ್ರು ಆ ಕೋಲು ಇಸ್ಕೊಂಡು ಬಾ ಅಂದಾರ್ರಿ" ಎಂದ. ನಮ್ಮವರು ಒಳಗಿನಿಂದ ಚೀಲ ತಂದು ಕೊಟ್ಟರು. ಕೋಲುಗಳು ಫಳಫಳ ಹೊಳೆಯುತ್ತಿದ್ದವು. ಕೊಡುವ ಮೊದಲು ನನ್ನ ಮುಖ ನೋಡಿದ್ದರೆ ಒಂದು ಮಾತು ಕೇಳುತ್ತಿದ್ದೆ. ನೋಡಲಿಲ್ಲ. ದಾಂಡು ಒಲೆಗೆ ಹಾಕಿದ ದಿನ ಅತ್ತಿದ್ದೆ. ಈ ಸಲ ಅಳು ಬರಲಿಲ್ಲ, ಹಲ್ಲು ಕಚ್ಚಿಕೊಂಡು ಪಾತ್ರೆ ಕಟ್ಟಿದೆ.

ಸೊರಬದಲ್ಲಿ ನಮಗೆ ಸಿಕ್ಕ ಮನೆ ಉಳವಿ ರಸ್ತೆಯ ಕಡೆ ಇತ್ತು. ಮಳೆ ಹಿಡಿದು ಬಿಟ್ಟ ಒಂದು ಬೆಳಗ್ಗೆ ಹಿತ್ತಲ ಬಾಗಿಲು ತೆಗೆದೆ. ಹಿಂದೆ ದನ ಬಿಡುವ ಬಯಲು. ದಿನಾ ಮೇದು ಮೇದು ಹುಲ್ಲು ಗಿಡ್ಡವಾಗಿ, ಒತ್ತಾಗಿ, ಕಣ್ಣು ಹರಿಯುವವರೆಗೂ ಹಸಿರಾಗಿ ಹಾಸಿತ್ತು. ಚಪ್ಪಲಿ ಬಿಟ್ಟು ಕಾಲಿಟ್ಟೆ. ಮೆತ್ತಗಿತ್ತು. ಬೆಂಗಳೂರಿನ ಕ್ಲಬ್ಬಿನಲ್ಲಿ ಇದೆ ಎಂದು ಅವರು ಹೇಳಿದ ಹುಲ್ಲು ಇದಕ್ಕಿಂತ ಬೇರೆ ಇರಲಾರದು. ಕೋಲಿದ್ದಾಗ ಹುಲ್ಲಿರಲಿಲ್ಲ, ಹುಲ್ಲು ಸಿಕ್ಕಾಗ ಕೋಲಿಲ್ಲ. ಅವತ್ತು ಆ ಬಯಲಿನಲ್ಲಿ ನಿಂತು, ಯಾರಿಗೆಂದು ಸರಿಯಾಗಿ ಗೊತ್ತಿಲ್ಲದೆ, ಬಾಯಿಗೆ ಬಂದ ಹಾಗೆ ಬೈದೆ. ಮೇಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು.

ಎಷ್ಟೋ ದಿನಗಳ ಮೇಲೆ ನಮ್ಮವರ ಹಳೆಯ ಸ್ನೇಹಿತರೊಬ್ಬರು ಮೈಸೂರಿನಿಂದ ಬಂದಿದ್ದರು. ಊಟವಾದ ಮೇಲೆ ನಮ್ಮವರು ಅವರನ್ನು ಹಿತ್ತಲಿಗೆ ಕರೆದೊಯ್ದು, ಸಾಹೇಬರನ್ನು ಸೋಲಿಸಿದ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿದರು. ಹೇಗೆ ಹೊಡೆದೆ ಎಂದು ತೋರಿಸಲು ಕೊಡೆಯನ್ನು ಮಡಚಿ ಬೀಸಿದರು. ಭಾರ ಮತ್ತೆ ಬಲಗಾಲಿಗೆ ಹೋಗಿತ್ತು. ಕೊಡೆಯ ತುದಿ ಹುಲ್ಲಿಗೆ ಸಿಕ್ಕಿ ಮುಗ್ಗರಿಸಿದರು.

ಎಲೆ ಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಬಾಯಿಂದ ಬಂದೇಬಿಟ್ಟಿತು: "ಎಡಗಾಲ್ರಿ."

ಸ್ನೇಹಿತರು ತಿರುಗಿ, "ಓಹೋ, ನಿಮಗೂ ಈ ಆಟ ಗೊತ್ತೇನಮ್ಮಾ?" ಎಂದು ಕೇಳಿದರು.

ನಾನು ಉತ್ತರ ಕೊಡುವಷ್ಟರಲ್ಲಿ ನಮ್ಮವರು ನಕ್ಕು, "ಇವಳಿಗೇನು ಗೊತ್ತು? ಅಲ್ಲಿ ಚೆಂಡು ಹೆಕ್ಕಿ ಕೊಡ್ತಿದ್ಲು ಅಷ್ಟೇ" ಎಂದರು.

ಸುಳ್ಳಲ್ಲ. ಇಬ್ಬರ ಚೆಂಡನ್ನೂ ನಾನೇ ಹೆಕ್ಕುತ್ತಿದ್ದೆ. ಅವರದು ಹತ್ತಿರದಲ್ಲೇ ಬಿದ್ದಿರುತ್ತಿತ್ತು. ನನ್ನದನ್ನು ತರಲು ದೂರ ನಡೆಯಬೇಕಾಗುತ್ತಿತ್ತು.