ಉಬ್ಬಿದ ಹಿಟ್ಟಿಗೆ ಜೋರಿನ ಮೋಟಾರು

ಎದೆಯೊಳಗೆ ಸ್ಟೆಂಟ್ ಹಾಕಿ ನನ್ನ ಗಂಡನನ್ನು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟೆ: ಸಮತಟ್ಟಿನಲ್ಲಿ ಓಡಾಡಬಹುದು, ಭಾರ ಎಳೆದುಕೊಂಡು ಏರು ಹತ್ತಬಾರದು. ಇವರ ಪಾಲಿಗೆ ಅದು ಕೈಕಾಲು ಕಟ್ಟಿ ಹಾಕಿದ ಹಾಗಾಯಿತು. ನಮ್ಮ ಮನೆ ಇರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಇವರ ಗಿರಾಕಿಗಳೆಲ್ಲ ಪಶ್ಚಿಮದಲ್ಲಿ, ನಡುವೆ ರೈಲು ಹಳಿ, ಹಳಿಯ ಮೇಲೆ ಬ್ರಿಜ್. ಇಡ್ಲಿ ಹಿಟ್ಟಿನ ಎರಡು ದೊಡ್ಡ ಸ್ಟೀಲ್ ಡಬ್ಬಿಗಳನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ನಸುಕಿನಲ್ಲಿ ಆ ಬ್ರಿಜ್ ಹತ್ತಿ ಇಳಿಯುವುದೇ ಇವರ ಉದ್ಯೋಗ.

ಉಡುಪಿ ಕಡೆಯಿಂದ ಬಂದು ಯಾರದೋ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವರು, ಮದುವೆಯಾದ ಮೇಲೆ ಮನೆಯಲ್ಲೇ ಗ್ರೈಂಡರ್ ಹಾಕಿಕೊಂಡರು. ಸ್ಟೇಷನ್ ಹೊರಗೆ ಇಡ್ಲಿ ಮಾರುವ ಗಾಡಿಯವರಿಗೆ, ಒಂದೆರಡು ಸಣ್ಣ ಹೋಟೆಲಿನವರಿಗೆ ಇವರದೇ ಹಿಟ್ಟು. ನಾನು ಠಾಣೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು. ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ, ಇನ್ನು ಸೈಕಲ್ ಸಾಕು ಎಂದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ತಮಾಷೆ ಮಾಡುತ್ತಿದ್ದ ಮನುಷ್ಯ ಆ ಮಾತಿಗೆ ಮಾತ್ರ ಬಿಳಿಚಿಕೊಂಡರು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ಮನೇಲಿ ಕೂತು ನಾನೆಂತ ಮಾಡುದು ಹೇಳು? ತಿರುಗುವ ಫ್ಯಾನ್ ನೋಡುದಾ?" ಎಂದು ಕೇಳಿದರು.

ಸ್ಕೂಟರು ಇವರಿಗೆ ಬರುವುದಿಲ್ಲ. ರಿಕ್ಷಾ ಎಂದರೆ ಮುಖ ಸಿಂಡರಿಸುತ್ತಾರೆ. ಕೊನೆಗೆ ನಾನೇ ಷರತ್ತು ಹಾಕಿದೆ: ಸೈಕಲ್ಲಿಗೆ ಕರೆಂಟಿನ ಮೋಟಾರು ಹಾಕಿಸೋಣ, ಬ್ರಿಜ್ ಮೇಲೆ ಪೆಡಲ್ ಒತ್ತುವ ಹಾಗಿಲ್ಲ. ಒತ್ತಿದ್ದು ಗೊತ್ತಾದರೆ ಆ ದಿನವೇ ಹಿಟ್ಟಿನ ಕೆಲಸ ಬಂದ್. ಇವರು ಮಗುವಿನ ಹಾಗೆ ತಲೆಯಾಡಿಸಿದರು.

ಪಕ್ಕದ ಕಲ್ಯಾಣದಲ್ಲಿ ಸೈಕಲ್ಲಿಗೆ ಮೋಟಾರು ಕೂರಿಸುವ ಅಂಗಡಿಯೊಂದಿದೆ. ಅಂಗಡಿಯವನು ವಿಜಯಪುರದ ಕಡೆಯವನು. ನಾವು ಕನ್ನಡದಲ್ಲಿ ಕಚ್ಚಾಡುವುದನ್ನು ಕೇಳಿಯೇ ನಮ್ಮ ಪರಿಚಯ ಮಾಡಿಕೊಂಡ. ಎದುರಿಗೆ ಎರಡು ಮೋಟಾರು ಇಟ್ಟ. ಒಂದು ತೆಂಗಿನಕಾಯಿಯಷ್ಟು ಗಾತ್ರದ್ದು, ಇನ್ನೊಂದು ಊಟದ ತಟ್ಟೆಯಷ್ಟು ಅಗಲದ್ದು. ಎರಡೂ ಹಿಂದಿನ ಚಕ್ರದ ನಡುವೆ ಕೂರುವಂಥವು.

"ಅಕ್ಕಾರ, ಸಣ್ಣದು ತಗೊಂಡ್ರ ಬ್ರಿಜ್ಜಿನ ನಟ್ಟನಡುವ ದಮ್ ಕಳಕೊಂಡು ನಿಂತಬಿಡ್ತದ್ರಿ. ಆಮ್ಯಾಲ ಅಣ್ಣಾರು ಇಳದು ತಳ್ಳಬೇಕು" ಎಂದ.

"ನಂಗೆ ಮೆಲ್ಲ ಹೋದ್ರೆ ಸಾಕು" ಎಂದರು ಇವರು, ಸಣ್ಣದನ್ನು ಸವರುತ್ತ.

"ನೀವು ಸುಮ್ನಿರಿ. ದೊಡ್ಡದೇ ಹಾಕಿ" ಎಂದೆ ನಾನು.

ನಂಬರ್ ಪ್ಲೇಟ್ ಇಲ್ಲದೆ ಓಡಿಸಬಹುದಾದವುಗಳಲ್ಲಿ ಅದೇ ಎಲ್ಲಕ್ಕಿಂತ ಜೋರಿನದು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ. ನನಗೆ ಬೇಕಾದದ್ದೂ ಅದೇ ಮಾತು. ಬ್ರಿಜ್ಜಿನ ಅರ್ಧದಲ್ಲಿ ನಿಂತ ಸೈಕಲ್ಲು, ಹಿಂದೆ ಹಾರ್ನ್ ಹೊಡೆಯುವ ಟೆಂಪೋ, ಇಳಿದು ತಳ್ಳುವ ಇವರು. ಆಸ್ಪತ್ರೆಯಿಂದ ಬಂದಾಗಿನಿಂದ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಇದೊಂದೇ. ಆವತ್ತೂ ನಾನು ಹೇಳಿದ್ದು ಸರಿ, ಇವತ್ತೂ ಸರಿಯೇ. ಆ ಏರಿಗೆ ಜೋರಿನ ಮೋಟಾರೇ ಬೇಕು.

ಕೂರಿಸುವುದಕ್ಕೆ ಒಂದು ಇಡೀ ಭಾನುವಾರ ಬೇಕಾಯಿತು. ಇವರದು ಹಳೆಯ ಕಾಲದ ಗಟ್ಟಿ ಕರಿ ಸೈಕಲ್ಲು. ಮೋಟಾರಿನ ಅಚ್ಚು ದಪ್ಪ, ಅದು ಕೂರಬೇಕಾದ ಸೈಕಲ್ಲಿನ ಕಚ್ಚು ಸಣ್ಣದು. ಅಂಗಡಿಯವನು ಅರದಿಂದ ಕಬ್ಬಿಣ ಉಜ್ಜುತ್ತಾ ಹೋದ. ಒಂದೊಂದು ಸಲ ಉಜ್ಜಿದಾಗಲೂ ನಾನು ಬಗ್ಗಿ ನೋಡುತ್ತಿದ್ದೆ, ಹೆಚ್ಚು ಉಜ್ಜಿದರೆ ಚಕ್ರವೇ ಕಳಚಿಕೊಂಡೀತು ಎಂದು. ಕೇಳಿದರೆ ಅವನು ಇನ್ನೂ ದೊಡ್ಡ ಹೆದರಿಕೆ ಹುಟ್ಟಿಸಿದ. ಇಷ್ಟು ಜೋರಿನ ಮೋಟಾರು ಚಕ್ರ ತಿರುಗಿಸುವ ಬದಲು ತನ್ನ ಅಚ್ಚನ್ನೇ ತಿರುಗಿಸಿಕೊಂಡು ಹೊರಗೆ ಹಾರಬಹುದಂತೆ. ಹಾಗಾಗದಂತೆ ಅಚ್ಚಿಗೊಂದು ಕಬ್ಬಿಣದ ಪಟ್ಟಿ ಸಿಕ್ಕಿಸಿ ಸೈಕಲ್ಲಿನ ಮೈಗೆ ಬಿಗಿಯಬೇಕಂತೆ. ಎರಡೂ ಬದಿಗೆ ಪಟ್ಟಿ ಹಾಕಿಸಿದೆ. ಬ್ರೇಕ್ ಹಿಡಿದ ಕೂಡಲೇ ಕರೆಂಟು ಕಡಿಯುವ ಹಿಡಿಗಳನ್ನೂ ಹಾಕಿಸಿದೆ. ಬ್ಯಾಟರಿ ಮುಂದಿನ ಮೂರು ಕೊಳವೆಗಳ ನಡುವೆ ಕೂತಿತು. ಮೋಟಾರಿಗೆ ಕರೆಂಟು ಅಳೆದು ಕೊಡುವ ಸಣ್ಣ ಪೆಟ್ಟಿಗೆಯನ್ನು, ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ, ಸೀಟಿನ ಕೆಳಗೆ ಕಟ್ಟಿದ.

ಪರೀಕ್ಷೆಗೆ ಕ್ಯಾರಿಯರಿನ ಮೇಲೆ ಅಕ್ಕಿ ಮೂಟೆ ಕಟ್ಟಿ ಇವರನ್ನು ಹತ್ತಿಸಿದೆವು. ಹ್ಯಾಂಡಲ್ಲಿನಲ್ಲಿರುವ ವೇಗದ ಹಿಡಿ ತಿರುಗಿಸಿದ್ದೇ ತಡ, ಸೈಕಲ್ಲು ಚಂಗನೆ ಹಾರಿ ಓಡಿತು. ನಾನು ಕಿರುಚಿದೆ. ಬೀದಿಯ ತುದಿ ಮುಟ್ಟಿ ತಿರುಗಿ ಬಂದರು, ಮೂಟೆ ಅಲ್ಲಾಡಿರಲಿಲ್ಲ. ಅಂಗಡಿಯವನು ನನ್ನ ಕಡೆ ನೋಡಿ ಮೀಸೆ ತಿರುವಿದ. ನಾನೂ ಬೀಗಿದೆ.

ಮರುದಿನದಿಂದ ಇವರು ಹೊರಟರು. ನಾನು ಕೆಲಸದಿಂದ ಬಂದು ಬ್ಯಾಟರಿಗೆ ಚಾರ್ಜರ್ ಹಾಕುತ್ತಿದ್ದೆ. ಚಾರ್ಜಾಗುವಾಗ ಕೆಂಪು ದೀಪ, ತುಂಬಿದಾಗ ಹಸಿರು. ಮೊದಮೊದಲು ಹಸಿರು ಬೇಗ ಬಂದರೆ ಖುಷಿಯಾಗುತ್ತಿತ್ತು. ಆಮೇಲೆ ನೋಡಿದರೆ ನನ್ನ ಚಹಾ ಆರುವುದರೊಳಗೆ ಹಸಿರು.

"ಬ್ಯಾಟ್ರಿ ಒಳ್ಳೆದುಂಟು, ಬೇಗ ತುಂಬ್ತದೆ" ಎಂದರು ಇವರು.

ಮೊದಲು ಬ್ಯಾಟರಿಯೇ ಕೆಟ್ಟಿದೆ ಎಂದುಕೊಂಡೆ. ಅಷ್ಟರಲ್ಲಿ ಬಚ್ಚಲಿನಲ್ಲಿ ಇವರ ಬನಿಯನ್ ಕೈಗೆ ಸಿಕ್ಕಿತು. ಹಿಂಡಿದರೆ ನೀರು ಬರುವಷ್ಟು ಬೆವರು. "ಸೆಖೆ ಮಾರಾಯ್ತಿ" ಎಂದರು. ಮೋಟಾರಿನ ಸೈಕಲ್ಲಿನಲ್ಲಿ ಗಾಳಿಗೆ ಮುಖ ಒಡ್ಡಿ ಕೂರುವವರಿಗೆ ನಸುಕಿನಲ್ಲಿ ಅದೆಂಥ ಸೆಖೆ? ಬ್ಯಾಟರಿ ಬೇಗ ತುಂಬುವುದು ಅದು ಖರ್ಚೇ ಆಗದಿರುವುದಕ್ಕೋ ಏನೋ. ಆ ದಿನ ಕೆಲಸದಲ್ಲಿ ನಾನು ಒಂದನ್ನೂ ಸರಿ ಮಾಡಲಿಲ್ಲ. ಫೋನ್ ಬಂದರೆ ಆಸ್ಪತ್ರೆಯದೇ ಇರಬೇಕು ಎಂದು ಮೊದಲ ರಿಂಗಿಗೇ ಎತ್ತುತ್ತಿದ್ದೆ.

ಮರುದಿನ ರಜೆ ಹಾಕಿದೆ, ಇವರಿಗೆ ಹೇಳಲಿಲ್ಲ. ಇವರು ಹೊರಟ ಮೇಲೆ ರಿಕ್ಷಾ ಹತ್ತಿದೆ.

ಬ್ರಿಜ್ಜಿನ ಬುಡದಲ್ಲಿ ಕಂಡರು. ಬೆನ್ನು ಬಾಗಿ ತಲೆ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಒಂದೊಂದು ಪೆಡಲ್ಲನ್ನೂ ಇಡೀ ಮೈಭಾರ ಹಾಕಿ ಮೆಲ್ಲಗೆ ಒತ್ತುತ್ತಿದ್ದರು. ಡಬ್ಬಿಗಳ ಭಾರದ ಜೊತೆಗೆ ಈಗ ನಾನು ಆರಿಸಿದ ಮೋಟಾರಿನ ಭಾರ, ಬ್ಯಾಟರಿಯ ಭಾರ. ಮೋಟಾರು ಮಾತ್ರ ಕರೆಂಟಿಲ್ಲದೆ ಚಕ್ರದ ಜೊತೆ ತೆಪ್ಪಗೆ ಸುತ್ತುತ್ತಿತ್ತು. ಕೂಗಿದರೆ ಬೆಚ್ಚಿ ಬಿದ್ದಾರು, ಕೂಗದಿದ್ದರೆ ಮೇಲೆ ಮುಟ್ಟುವುದರೊಳಗೆ ಏನಾದರೂ ಆದೀತು. ರಿಕ್ಷಾವನ್ನು ಮುಂದೆ ನಿಲ್ಲಿಸಿ ಇಳಿದು ಕೈ ಅಡ್ಡ ಹಿಡಿದೆ.

ಇವರು ಕಾಲೂರಿ ನಿಂತರು. ನನ್ನ ಮುಖ ನೋಡಲಿಲ್ಲ. ಮೊದಲು ಹಿಂದಕ್ಕೆ ತಿರುಗಿ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟು ನೋಡಿದರು.

"ನಿಮಗೆ ಬದುಕುವ ಮನಸ್ಸಿಲ್ವಾ?" ಎಂದೆ.

ಇವರು ಒಂದೊಂದು ಮಾತಿಗೂ ಏದುಸಿರು ಬಿಡುತ್ತಿದ್ದರು. "ಮೋಟಾರು ಹಾಕಿದ್ರೆ ಹಿಟ್ಟು ಕೂತ್ಬಿಡ್ತದೆ" ಎಂದರು.

ಆಗ ತಿಳಿಯಿತು. ಇಡ್ಲಿ ಗಾಡಿಯವರು ಹಿಟ್ಟು ಮುಟ್ಟಿದ ಕೂಡಲೇ ಬೇಯಿಸುತ್ತಾರೆ. ಅವರಿಗೆ ರಾತ್ರಿಯೇ ಹುದುಗಿ ಉಬ್ಬಿ ನಿಂತ ಹಿಟ್ಟೇ ಬೇಕು. ಉಬ್ಬಿದ ಹಿಟ್ಟೆಂದರೆ ಬರೀ ಗಾಳಿಗುಳ್ಳೆ. ಹಿಡಿ ತಿರುಗಿಸಿದಾಗ ಆ ಜೋರಿನ ಮೋಟಾರು ಕೊಡುವ ಮೊದಲ ಏಟಿಗೇ ಗುಳ್ಳೆ ಒಡೆದು ಹಿಟ್ಟು ಕೆಳಗಿಳಿಯುತ್ತದೆ. ಮೊದಲು ಎಲ್ಲಿಯವರೆಗಿತ್ತು ಎಂಬುದಕ್ಕೆ ಡಬ್ಬಿಯ ಗೋಡೆಯಲ್ಲಿ ಒಂದು ಗೆರೆ ಮಾತ್ರ ಉಳಿಯುತ್ತದೆ. ಮೊದಲ ದಿನವೇ ಗಾಡಿಯವನು ಚಪ್ಪಟೆ ಇಡ್ಲಿಯನ್ನು ಇವರ ಕೈಗಿಟ್ಟು, ಇದೇನು ಮಾಮಾ ಎಂದು ಕೇಳಿದ್ದನಂತೆ. ಅಂದಿನಿಂದ ಹೋಗುವಾಗ ಪೆಡಲ್ಲು, ಖಾಲಿ ಡಬ್ಬಿಯೊಂದಿಗೆ ಬರುವಾಗ ಮೋಟಾರು. ಮದುವೆಯಾದಾಗಿನಿಂದ ಹಿಟ್ಟಿನ ಮನೆಯಲ್ಲೇ ಇದ್ದ ನಾವಿಬ್ಬರೂ ಅಕ್ಕಿ ಮೂಟೆ ಕಟ್ಟಿ ಪರೀಕ್ಷೆ ಮಾಡಿದ್ದೆವು!

"ನಂಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೇಳಿದ್ರೆ ನೀನು ಬಂದ್ ಮಾಡಿಸ್ತಿದ್ದಿ."

ಮಾಡಿಸುತ್ತಿದ್ದೆ, ಅದು ನಿಜ. ಆ ಕ್ಷಣದಲ್ಲಿ ಡಬ್ಬಿ ಎರಡನ್ನೂ ಹಳಿಯ ಮೇಲೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಅಷ್ಟೇ ಜೋರಾಗಿ ಇವರನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು. ರಸ್ತೆಯ ಮೇಲೆ ಎರಡೂ ಆಗುವಂಥದ್ದಲ್ಲ. ಇವರನ್ನು ಮುಟ್ಟಗೊಡದೆ, ರಿಕ್ಷಾದವನ ಸಹಾಯದಿಂದ ನಾನೇ ಸೈಕಲ್ಲು ತಳ್ಳಿ ಆ ದಿನದ ಹಿಟ್ಟು ಮುಟ್ಟಿಸಿ, ಸೈಕಲ್ಲನ್ನು ಒಂದು ಟೆಂಪೋಗೆ ಹಾಕಿಕೊಂಡು ನೇರ ಕಲ್ಯಾಣಕ್ಕೆ ಹೋದೆವು. ಪರೀಕ್ಷೆಗೆಂದು ಉಳಿಸಿಕೊಂಡ ಒಂದು ಡಬ್ಬಿ ಉಬ್ಬಿದ ಹಿಟ್ಟನ್ನು ನಾನು ಮಡಿಲಲ್ಲಿ ಹಿಡಿದುಕೊಂಡಿದ್ದೆ.

ಅಂಗಡಿಯವನು ಮೊದಲು ನಕ್ಕ. "ಮೋಟಾರು ಅಂದ್ಮ್ಯಾಲ ಜರ್ಕ್ ಇರಂಗಿಲ್ಲೇನ್ರಿ ಅಕ್ಕಾರ?" ಎಂದ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಆಮೇಲೆ ಯೋಚಿಸಿ ಸೀಟಿನ ಕೆಳಗಿನ ಪೆಟ್ಟಿಗೆ ಬಿಚ್ಚಿದ. ಮೋಟಾರಿನ ಜೋರು ತಪ್ಪಲ್ಲ, ಈ ಅಗ್ಗದ ಪೆಟ್ಟಿಗೆ ಕರೆಂಟನ್ನು ಒಮ್ಮೆಲೇ ಸುರಿಯುತ್ತದೆ, ಮೆಲ್ಲಮೆಲ್ಲ ಬಿಡುವಂಥದ್ದೂ ಬರುತ್ತದೆ ಎಂದ. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಹಿಟ್ಟು ಒಯ್ಯುವವರು ಇದುವರೆಗೆ ಯಾರೂ ಬಂದಿರಲಿಲ್ಲ ಎಂದ.

ಹೊಸ ಪೆಟ್ಟಿಗೆ ಹಾಕಿ, ಹಿಟ್ಟಿನ ಡಬ್ಬಿ ಕಟ್ಟಿ, ಇವರು ಬೀದಿಯ ತುದಿಯವರೆಗೆ ಹೋಗಿ ಬಂದರು. ಮುಚ್ಚಳ ತೆಗೆದೆವು. ಗೋಡೆಯ ಮೇಲೆ ಬೆರಳಿನಷ್ಟು ಗೆರೆ. ಅಂಗಡಿಯವನು ಪೆಟ್ಟಿಗೆಯಲ್ಲಿ ಏನೋ ತಿರುಗಿಸಿದ. ಮತ್ತೆ ಹೋದರು, ಮತ್ತೆ ಗೆರೆ, ಸ್ವಲ್ಪ ತೆಳ್ಳಗೆ. ಈ ಡಬ್ಬಿಯಲ್ಲಿ ಇವರ ಕೆಲಸವೇ ಇದೆ ಎಂದು ನನಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಮೂರನೆಯ ಸಲ ಹಿಡಿ ತಿರುಗಿಸಿದರೆ ಸೈಕಲ್ಲು ಹೊರಟದ್ದೇ ತಿಳಿಯಲಿಲ್ಲ. ಮುಚ್ಚಳ ತೆಗೆಯಲು ಇವರ ಕೈ ಬರಲಿಲ್ಲ, ನಾನೇ ತೆಗೆದೆ. ಹಿಟ್ಟು ಇದ್ದಲ್ಲೇ, ಗುಳ್ಳೆ ತುಂಬಿಕೊಂಡೇ ಇತ್ತು.

ಮರುದಿನವೂ ರಜೆ ಹಾಕಿದೆ. ಕಣ್ಣಾರೆ ನೋಡದೆ ನಾನು ನಂಬುವವಳಲ್ಲ. ಇವರು ಬ್ರಿಜ್ ಹತ್ತುವಾಗ ರಿಕ್ಷಾವನ್ನು ಪಕ್ಕದಲ್ಲೇ ನಿಧಾನವಾಗಿ ಓಡಿಸಲು ಹೇಳಿದೆ. ಕಾಲುಗಳ ಮೇಲೇ ನನ್ನ ಕಣ್ಣು. ಕಾಲು ಅಲುಗಲಿಲ್ಲ. ನನ್ನನ್ನು ಕಂಡದ್ದೇ ಇವರಿಗೆ ಪಿತ್ತ ನೆತ್ತಿಗೇರಿತು. ತುಳುವಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. ನಾಚಿಕೆ ಇಲ್ಲವಾ ನಿಂಗೆ, ಗಂಡನ ಹಿಂದೆ ಪೊಲೀಸಿನ ಹಾಗೆ ಬರ್ಲಿಕ್ಕೆ, ಇನ್ನೆಷ್ಟು ರಜೆ ಉಂಟು ನಿನ್ನ ಹತ್ರ, ಆ ರಿಕ್ಷಾ ದೂರ ಹಿಡಿಯಲಿಕ್ಕೆ ಹೇಳು, ನಾಳೆಯೂ ಬಂದ್ರೆ ನೋಡು ಮತ್ತೆ. ಬುಡದಿಂದ ನೆತ್ತಿಯವರೆಗೆ ಇಡೀ ಏರು, ಒಂದು ಕಡೆಯೂ ನಿಲ್ಲಿಸದೆ, ಒಂದು ಕಡೆಯೂ ಏದುಸಿರು ಬಿಡದೆ ಬಯ್ದರು.

ರಿಕ್ಷಾದವನಿಗೆ ಗಾಬರಿಯಾಯಿತು. ಜಗಳವಾ ತಾಯಿ, ಮುಂದೆ ಹೋಗಲಾ ಎಂದು ಮರಾಠಿಯಲ್ಲಿ ಕೇಳಿದ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, ಬೇಡ, ಹೀಗೇ ಪಕ್ಕದಲ್ಲೇ ಓಡಿಸು, ಅವರು ಬಯ್ಯಲಿ ಎಂದೆ.